ಹೆಸರು ಸಣ್ಣಗಾಗಬಾರದು

ಭಾನುವಾರ ರಾತ್ರಿ ಒಂಬತ್ತಕ್ಕೆ
ಗ್ರಿಮ್ಸ್‌ಬಿಯ ನಮ್ಮ ಬೀದಿಯ
ಎಲ್ಲ ಕಿಟಕಿಗಳೂ ಒಂದೇ ನೀಲಿ.
ಆಸ್ಪತ್ರೆಯ ಕಾರಿಡಾರು, ಓಡುವ ಸ್ಟ್ರೆಚರು,
ಮತ್ತೆ ಅವನು, ಚಂದದ ಹುಡುಗ,
ಯಾರ ಕಣ್ಣನ್ನೂ ನೋಡದವನು,
ಇಪ್ಪತ್ತು ವೈದ್ಯರಿಗೆ ಸಿಗದ ರೋಗವನ್ನು
ಗಾಳಿಯಲ್ಲಿ ಬೆರಳಾಡಿಸಿ ಹಿಡಿಯುವವನು.
ಆಟಿಸಂ ಅಂದರೆ ಅದೇ ಅಂತೆ:
ದೇವರು ಒಂದು ಕೈಯಲ್ಲಿ ಕಸಿದು
ಇನ್ನೊಂದರಲ್ಲಿ ಬಡ್ಡಿ ಸಮೇತ ಕೊಡುವ ಲೆಕ್ಕ.

ನಮ್ಮ ಟ್ರೆವರ್‌ಗೆ ಬಡ್ಡಿ ಬಂದಿಲ್ಲ.
ನಲವತ್ತೇಳು ಅವನಿಗೆ, ನನಗಿಂತ ಆರು ಚಿಕ್ಕವನು.
ಹನ್ನೆರಡರ ಮಗ್ಗಿ ಬಾರದು.
ಮೀನಿನ ಶೈತ್ಯಾಗಾರದಲ್ಲಿ ರಟ್ಟಿನ ಪೆಟ್ಟಿಗೆ ಮಡಿಚುತ್ತಾನೆ,
ಕೆಲವು ದಿನ ಚೆನ್ನಾಗಿ,
ಕೆಲವು ದಿನ ಹೋಗುವುದೇ ಇಲ್ಲ.
ಹೊಸ ಸಾಕ್ಸಿನ ಹೊಲಿಗೆ ಬೆರಳಿಗೆ ತಾಗಿದರೆ
ಆ ಬೆಳಗು ಅಲ್ಲಿಗೇ ಮುಗಿಯಿತು.
ಜೋಕು ಹೇಳುತ್ತಾನೆ, ಒಂದೇ ಒಂದು, ಹಂದಿಯದು.
ಅಮ್ಮ ಸತ್ತ ದಿನ ಅಳಲಿಲ್ಲ.
ಅವಳ ಕನ್ನಡಕ ಒರೆಸಿದ, ಮತ್ತೆ ಒರೆಸಿದ,
ಡಬ್ಬಿಯೊಳಗಿಟ್ಟು ಟಪ್ಪೆಂದು ಮುಚ್ಚಿದ.
ಇದನ್ನು ಯಾರು ಬರೆಯುತ್ತಾರೆ, ಒಂಬತ್ತು ಗಂಟೆಗೆ?

ಕಳೆದ ತಿಂಗಳು ಆ ಹುಡುಗನ ಗೆಳತಿಗೆ ಫಿಟ್ಸ್ ಬಂತು.
ಬಿಳಿ ನೆಲ, ಬಿಳಿ ಬಟ್ಟೆ, ನಿಧಾನವಾಗಿ ಹರಡಿಕೊಳ್ಳುವ ಕೂದಲು.
ಯಾರೋ ಹಲ್ಲಿನ ನಡುವೆ ಚಮಚ ತುರುಕಿದರು,
ಇನ್ನಾರೋ ಭುಜ ಅದುಮಿ ಹಿಡಿದರು.
ಮೂವತ್ತು ಸೆಕೆಂಡಿಗೆ ಕಣ್ಣು ಬಿಟ್ಟಳು.
ಲಿಪ್‌ಸ್ಟಿಕ್ ಹಾಗೇ ಇತ್ತು.
ಚಮಚ ತೆಗಿ, ಮುಠ್ಠಾಳ! ಎಂದು ಟಿವಿಗೆ ಕೂಗಿದೆ.
ಮಗ್ಗುಲಿಗೆ ಹೊರಳಿಸು, ತಲೆಯಡಿ ಏನಾದರೂ ಇಡು,
ಗಡಿಯಾರ ನೋಡು!
ಟ್ರೆವರ್‌ಗೆ ಬಂದಾಗ ನಾನು ನೋಡುವುದು ಗಡಿಯಾರವನ್ನೇ.
ಹೋದ ಸಲ ನಾಲ್ಕು ನಿಮಿಷ ಹತ್ತು ಸೆಕೆಂಡು.
ಆಮೇಲೆ ಒದ್ದೆ ಪ್ಯಾಂಟು, ಆರು ತಾಸಿನ ನಿದ್ದೆ.
ಎದ್ದವನು ನನ್ನನ್ನು ‘ಮೇಡಂ’ ಎನ್ನುತ್ತಾನೆ.
ಪಕ್ಕದ ಮನೆಯ ಬೆರಿಲ್ ಒಳ್ಳೆಯವಳು,
ಒಮ್ಮೆ ಚಮಚ ಹಿಡಿದೇ ಓಡಿ ಬಂದಿದ್ದಳು.

ಚಾನೆಲ್ಲಿಗೆ ಪತ್ರ ಬರೆದೆ, ಮೂರು ಪುಟ.
ಉತ್ತರ ಬಂತು: ನಿಮ್ಮ ಕಾಳಜಿಗೆ ಬೆಲೆಯಿದೆ,
ತಜ್ಞರ ಸಲಹೆ ಪಡೆದಿದ್ದೇವೆ, ನೋಡುತ್ತಿರಿ.
ಮೂಗಿಗೆ ತುಪ್ಪ, ಅದೂ ವಾಸನೆಯಿಲ್ಲದ ತುಪ್ಪ.
ಹೆಸ್ಟರ್ ಹೋಗಿ ಎಸ್ತರ್ ಆಗಿದ್ದೆ ನಾನು.

ಹೇಳಬೇಕೆಂದಿದ್ದು ಇದಲ್ಲ.
ಟ್ರೆವರ್ ಆ ಧಾರಾವಾಹಿ ನೋಡುವುದೇ ಇಲ್ಲ.
ಪಿಟೀಲು ಎದ್ದ ಕೂಡಲೆ ಕಿವಿ ಮುಚ್ಚಿ ಅಡಿಗೆಮನೆಗೆ.
ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂರುತ್ತಾನೆ,
ಅದರ ಗುಂಯ್ ಅವನಿಗೆ ಒಪ್ಪಿಗೆ.
ಹತ್ತಕ್ಕೆ ಎರಡು ನಿಮಿಷವಿರುವಾಗ ಬಂದು
ಸದ್ದು ಪೂರ್ತಿ ತೆಗೆದು
ಪರದೆಗೆ ಗೇಣು ದೂರದಲ್ಲಿ ನಿಲ್ಲುತ್ತಾನೆ.
ಹೆಸರುಗಳು ಏರತೊಡಗುತ್ತವೆ, ಕಪ್ಪಿನ ಮೇಲೆ ಬಿಳಿ,
ಒಂದೇ ವೇಗದಲ್ಲಿ.
ಗಟ್ಟಿಯಾಗಿ ಓದುತ್ತಾನೆ, ತಪ್ಪು ತಪ್ಪಾಗಿ:
ದೀಪದವರು, ತಂತಿಯವರು, ಕೂದಲಿನವರು,
ಊಟದ ವ್ಯಾನಿನವರು, ನಾಯಿ ತಂದವರು.
‘ಆಟಿಸಂ ಸಲಹೆ’ ಎಂದು ಒಂದು ಹೆಸರೂ ಹೋಗುತ್ತದೆ.
ನಾನು ಅದನ್ನು ಸುಡುವಂತೆ ನೋಡುತ್ತೇನೆ.
ಅವನು, ನಾಯಿ ತಂದವರಿಗೆ ಕೊಟ್ಟಷ್ಟೇ ಮರ್ಯಾದೆ ಕೊಟ್ಟು
ಓದಿ ಮುಂದೆ ಹೋಗುತ್ತಾನೆ.

ಈ ಭಾನುವಾರ
ಹೆಸರುಗಳು ಅರ್ಧ ಏರಿದ್ದವಷ್ಟೆ,
ಯಾರೋ ಎಲ್ಲವನ್ನೂ ಮುದುಡಿ ಮೂಲೆಗೆ ತಳ್ಳಿದರು,
ಉಗುರಿನಷ್ಟಕ್ಕೆ.
ಉಳಿದ ಪರದೆ ತುಂಬ
ಮುಂದಿನ ಅಡಿಗೆ ಸ್ಪರ್ಧೆಯ ಹಲ್ಲುಗಳು.
ಟ್ರೆವರ್ ಚೀರಿದ.
ಗೋಡೆಗೆ ಹಣೆ ಬಡಿದುಕೊಂಡ,
ನಾನು ಕುಶನ್ ಹಿಡಿಯುವಷ್ಟರಲ್ಲಿ ಮೂರು ಸಲ.
ಸಂಗೀತ ಇರಲಿಲ್ಲ. ಯಾರೂ ಏನೂ ಕಲಿಯಲಿಲ್ಲ.
ಬರಲೇ ಎಂದು ಬೆರಿಲ್ ಗೋಡೆಯಾಚೆ ಎರಡು ಸಲ ಕುಟ್ಟಿದಳು.
ಬೇಡ ಎಂದು ನಾನು ಒಂದು ಸಲ.

ಹನ್ನೊಂದೂವರೆಗೆ,
ಫ್ರೀಜರಿನ ಬಟಾಣಿ ಚೀಲ ಹಣೆಗೊತ್ತಿಕೊಂಡು,
‘ಬರಿ’ ಎಂದ.
ಏನಂತ?
‘ಹೆಸರು ಸಣ್ಣಗಾಗಬಾರದು. ಇನ್ನೂ ಓದ್ತಿದ್ದೆ.’
ಬರೆದೆ. ಕೆಳಗೆ ನನ್ನದೂ ಸೇರಿಸೋಣವೆಂದು,
ಚಮಚ, ಲಿಪ್‌ಸ್ಟಿಕ್, ಬಡ್ಡಿ,
ಪೆನ್ನು ಊರಿದೆ.
ಜಾಗ ಇಲ್ಲ ಎಂದ.
ಪೆನ್ನು ಕಸಿದು, ಉಳಿದ ಇಡೀ ಹಾಳೆಗೆ
ತನ್ನ ಹೆಸರು ಬರೆದ, ಅಷ್ಟು ದೊಡ್ಡದಾಗಿ
ಕೊನೆಯ ಅಕ್ಷರ ಕಾಗದ ದಾಟಿ
ಮೇಜಿನ ಮೇಲೆ ಬಿತ್ತು.

ಉಳಿದದ್ದನ್ನು ಬೆಳಿಗ್ಗೆ ಅಂಚೆಗೆ ಹಾಕಿದೆ.
ಅದೊಂದು ಇಲ್ಲೇ ಇದೆ.